ಫ್ಯೂಸ್ ಮತ್ತೆ ಮತ್ತೆ ಹೋಗುವುದೇಕೆ? – ಕೋಲಾರ ಸೀಮೆಯ ವಿದ್ಯುತ್ ಚರಿತ್ರೆಯ ಒಂದು ಪುಟ

ನಮ್ಮ ಸೀಮೆಯಲ್ಲಿ ವಿದ್ಯುತ್ತಿನ ಚರಿತ್ರೆಯನ್ನು ಬರೆಯುವವರು ಚಿನ್ನದ ಗಣಿಯಿಂದಲೇ ಆರಂಭಿಸಬೇಕು. 1902ರ ಜೂನ್ 30ರಂದು ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ಹುಟ್ಟಿದ ವಿದ್ಯುತ್ತು ಸುಮಾರು 92 ಮೈಲಿ ತಂತಿಯ ಮೇಲೆ ಹರಿದು ಕೆ.ಜಿ.ಎಫ್. ತಲಪಿತು. ಯೋಜನೆಯನ್ನು ರೂಪಿಸಿದವರು ಜೋಲಿ ಡಿ ಲೋಟ್ಬಿನೇರ್ ಎಂಬ ಇಂಜಿನಿಯರರು. ಅದಕ್ಕೆ ಬೆಂಬಲವಾಗಿ ನಿಂತಿದ್ದ ದಿವಾನ್ ಶೇಷಾದ್ರಿ ಅಯ್ಯರ್ ಅವರು ಹಿಂದಿನ ವರ್ಷವೇ ತೀರಿಕೊಂಡಿದ್ದರು. ಬೆಂಗಳೂರಿಗೆ ವಿದ್ಯುದ್ದೀಪ ಬಂದದ್ದು ಆಮೇಲೆ, 1905ರಲ್ಲಿ.

ವಿದ್ಯುತ್ತಿನ ಹಿಂದೆಯೇ ಶಬ್ದವೂ ಬಂದಿತು. ಮೈಸೂರಿನಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಕೇವಲ 30 ವ್ಯಾಟ್ ಯಂತ್ರದಿಂದ 'ಆಕಾಶವಾಣಿ'ಯನ್ನು ಆರಂಭಿಸಿದರು. ಮುಂದೆ ಜಾತ್ರೆ, ಹರಿಕಥೆ, ಮದುವೆ, ಟೆಂಟ್ ಸಿನಿಮಾಗಳಿಗೆ ವಾಲ್ವ್ ಇದ್ದ ಮೈಕ್ ಸೆಟ್ಟುಗಳು ಬಂದುವು. 1954ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು 1961ರಲ್ಲಿ ರೇಡಿಯೋ ವಾಲ್ವುಗಳ ತಯಾರಿಕೆಯನ್ನು ಆರಂಭಿಸಿತು. ಆ ವಾಲ್ವುಗಳನ್ನು ಇಂದು ಗಿಟಾರ್ ನುಡಿಸುವವರು ಹುಡುಕಿಕೊಂಡು ಬರುತ್ತಾರೆ.

ಈ ಪೀಠಿಕೆಗೆ ಕಾರಣವಿದೆ. ಮಾಲೂರಿನ ಕಡೆಯ ಹಳೆಯ ವಿದ್ಯಾರ್ಥಿಯೊಬ್ಬನು ತನ್ನ ತಂದೆಯವರ ಮೈಕ್ ಸೆಟ್ಟಿನ ಆಂಪ್ಲಿಫೈಯರಿಗೆ ಗಿಟಾರ್ ಜೋಡಿಸಲು ಹೊರಟಿದ್ದಾನೆ. ಸ್ವಿಚ್ಚು ಹಾಕಿದೊಡನೆ ಫ್ಯೂಸ್ ಹೋಗುತ್ತದೆ. "ದಪ್ಪ ತಂತಿ ಹಾಕಲೇ ಸಾರ್?" ಎಂದು ಕೇಳಿದ್ದಾನೆ. ಖಂಡಿತ ಬೇಡ. ಫ್ಯೂಸ್ ಉಳಿದರೆ ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ತಂದೆಯವರ ನೆನಪಿಗೆ ಅವನಲ್ಲಿ ಉಳಿದಿರುವುದು ಅದೊಂದೇ ಪೆಟ್ಟಿಗೆ.

ಹಿಂದಿನ ಮೆಕ್ಯಾನಿಕ್‌ಗಳ ಕ್ರಮ ಸರಳವಾಗಿತ್ತು. 60 ಅಥವಾ 100 ವ್ಯಾಟಿನ ತಂತಿ ಬಲ್ಬೊಂದನ್ನು ಸೆಟ್ಟಿನೊಡನೆ ಸರಣಿಯಲ್ಲಿ ಜೋಡಿಸುವುದು. ಇದೇ 'ಸೀರೀಸ್ ಬಲ್ಬು'. ಸೆಟ್ಟಿನೊಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ಣ ಪ್ರಕಾಶದಿಂದ ಉರಿಯುತ್ತದೆ. ಸರಿಯಿದ್ದರೆ ಕ್ಷಣಕಾಲ ಬೆಳಗಿ ಮಂಕಾಗುತ್ತದೆ. ಮೊದಲು ವಾಲ್ವುಗಳನ್ನೆಲ್ಲ ತೆಗೆದು ನೋಡಬೇಕು. ಆಗಲೂ ಬಲ್ಬು ಜೋರಾಗಿ ಉರಿದರೆ ದೋಷವು ಟ್ರಾನ್ಸ್‌ಫಾರ್ಮರಿನಲ್ಲಿ ಅಥವಾ ಅದರ ತಂತಿಗಳಲ್ಲಿದೆ. ಬಳಿಕ ರೆಕ್ಟಿಫೈಯರ್ ವಾಲ್ವನ್ನು ಮಾತ್ರ ಹಾಕಬೇಕು. ಈಗ ಉರಿದರೆ ಆ ವಾಲ್ವು ಕೆಟ್ಟಿದೆ, ಇಲ್ಲವೇ ಫಿಲ್ಟರ್ ಕಂಡೆನ್ಸರ್ ಶಾರ್ಟ್ ಆಗಿದೆ. ದಶಕಗಳ ಕಾಲ ಮೂಲೆಯಲ್ಲಿದ್ದ ಸೆಟ್ಟುಗಳಲ್ಲಿ ಇದು ಸಾಮಾನ್ಯ. ಔಟ್‌ಪುಟ್ ವಾಲ್ವು ಹಾಕಿದ ಮೇಲೆ ಮಾತ್ರ ದೋಷ ಕಂಡರೆ ಆ ವಾಲ್ವನ್ನೂ, ಅದರ ಹಿಂದಿನ ಕಪ್ಲಿಂಗ್ ಕಂಡೆನ್ಸರನ್ನೂ ಸಂಶಯಿಸಬೇಕು. ಸ್ವಿಚ್ಚು ಆರಿಸಿದ ಮೇಲೂ ಕಂಡೆನ್ಸರಿನಲ್ಲಿ ನೂರಾರು ವೋಲ್ಟ್ ಉಳಿದಿರಬಹುದು, ಪ್ರಾಣಾಪಾಯವಿದೆ. ಅನುಭವವಿಲ್ಲದವರು ಕೈಹಾಕಬಾರದು.

ಇನ್ನೊಂದು ಕಾರಣವು ಸೆಟ್ಟಿನೊಳಗಿರದೆ ಗೋಡೆಯ ಪ್ಲಗ್ಗಿನಲ್ಲಿರುತ್ತದೆ. ಶಿವನಸಮುದ್ರದ ಮೊದಲಿನ ವಿದ್ಯುತ್ತು ಸೆಕೆಂಡಿಗೆ 25 ಆವರ್ತದ್ದು. ದೇಶದಲ್ಲಿ ಈಗ ಬಳಕೆಯಲ್ಲಿರುವುದು 50. ಟ್ರಾನ್ಸ್‌ಫಾರ್ಮರಿನ ಕಬ್ಬಿಣದಲ್ಲಿ ಹುಟ್ಟುವ ಕಾಂತಪ್ರವಾಹವು ವೋಲ್ಟೇಜನ್ನು ಆವರ್ತದಿಂದ ಭಾಗಿಸಿದಷ್ಟಕ್ಕೆ ಅನುಗುಣವಾಗಿರುತ್ತದೆ. 50 ಆವರ್ತಕ್ಕೆ ಸುತ್ತಿದ ಟ್ರಾನ್ಸ್‌ಫಾರ್ಮರನ್ನು ಅದೇ ವೋಲ್ಟೇಜಿನ 25 ಆವರ್ತದ ತಂತಿಗೆ ಜೋಡಿಸಿದರೆ ಕಬ್ಬಿಣವು ಎರಡರಷ್ಟನ್ನು ಹೊರಬೇಕು. ಹೊರಲಾರದು, ವಿದ್ಯುತ್ತು ಮಿತಿಮೀರಿ ಹರಿದು ಫ್ಯೂಸ್ ಹೋಗುತ್ತದೆ.

ಇದು ಮುಗಿದುಹೋದ ಕತೆ ಎಂದುಕೊಳ್ಳಬೇಡಿ. ಅಮೆರಿಕದಲ್ಲಿರುವ ನಮ್ಮ ಮಕ್ಕಳು ಅಲ್ಲಿಯ 120 ವೋಲ್ಟಿನ ಗಿಟಾರ್ ಆಂಪ್ಲಿಫೈಯರನ್ನು ತಂದು ಮುಳಬಾಗಿಲಿನಲ್ಲೋ ಶ್ರೀನಿವಾಸಪುರದಲ್ಲೋ 230 ವೋಲ್ಟಿಗೆ ನೇರವಾಗಿ ಸಿಕ್ಕಿಸಿದರೂ ಆಗುವುದು ಇದೇ. ಅಲ್ಲಿ ಆವರ್ತ ಅರ್ಧವಾಗಿತ್ತು. ಇಲ್ಲಿ ವೋಲ್ಟೇಜು ಹೆಚ್ಚುಕಡಿಮೆ ಇಮ್ಮಡಿಯಾಗಿದೆ. ಲೆಕ್ಕ ಒಂದೇ. ಸೂಕ್ತವಾದ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಅದನ್ನು ಬಳಸಬಾರದು.

ಗಣಿಯು 2001ರಲ್ಲಿ ಮುಚ್ಚಿತು. ಆ ಕಾಲದ ಸೆಟ್ಟುಗಳು ಅಟ್ಟಗಳ ಮೇಲೆ ಇನ್ನೂ ಅಲ್ಲಲ್ಲಿ ಉಳಿದಿವೆ. ನಿಮ್ಮ ಮನೆಯಲ್ಲಿದ್ದರೆ ಗುಜರಿಗೆ ಹಾಕುವ ಮುನ್ನ ಬಲ್ಲವರಿಗೆ ಒಮ್ಮೆ ತೋರಿಸಿ. ಫ್ಯೂಸನ್ನು ಮಾತ್ರ ಸೆಟ್ಟಿನ ಮೇಲೆ ಬರೆದಿರುವ ಅಳತೆಗಿಂತ ದೊಡ್ಡದು ಹಾಕಬೇಡಿ.