ಎಲ್ಲರೆದುರಿನ ಪರೀಕ್ಷೆ

ಪುಣೆಯಲ್ಲಿ ಕಲಿಯುವ ನಮ್ಮ ಮಕ್ಕಳು ಮರಾಠಿ ಪಠ್ಯಪುಸ್ತಕದ ಮೊದಲ ಪುಟಗಳಲ್ಲಿ ಸಂವಿಧಾನದ ಪ್ರಸ್ತಾವನೆಯನ್ನು ಓದುತ್ತಾರೆ. ಅಲ್ಲಿ ಭಾರತವು 'ಧರ್ಮನಿರಪೇಕ್ಷ' ಗಣರಾಜ್ಯ. ಹಿಂದಿಯ ಅಧಿಕೃತ ಪಾಠದಲ್ಲಿ ಅದೇ ಮಾತು 'ಪಂಥನಿರಪೇಕ್ಷ' ಎಂದಾಗಿದೆ. ಊರಿನಿಂದ ತರಿಸಿದ ಕನ್ನಡ ಪುಸ್ತಕವನ್ನು ತೆರೆದರೆ 'ಜಾತ್ಯತೀತ'. ಕೆಲವೆಡೆ ಅದರ ಪಕ್ಕದಲ್ಲೇ 'ಸರ್ವಧರ್ಮ ಸಮಭಾವ'. ಸೆಕ್ಯುಲರ್ ಎಂಬ ಒಂದೇ ಪದಕ್ಕೆ ಇಷ್ಟೊಂದು ಹೆಸರು. ಇವುಗಳಲ್ಲಿ ಯಾವುದು ಸರಿ ಎಂದು ಮಕ್ಕಳು ಕೇಳಿದರೆ ನಾವು ತಡವರಿಸುವುದು ಸಹಜವೇ. ನಿಘಂಟಿನಲ್ಲಿ ತೃಪ್ತಿಕರ ಉತ್ತರ ಸಿಗದಿದ್ದಾಗ ಚರಿತ್ರೆಯ ಕಡೆಗೆ ನೋಡಬೇಕಾಗುತ್ತದೆ. ಹಾಗೆ ನೋಡಿದಾಗ ಈ ಪದದ ಚರಿತ್ರೆಯಲ್ಲಿ ಕನ್ನಡಿಗರ ಪಾಲು ಸಣ್ಣದಲ್ಲವೆಂದು ಕಂಡುಬಂತು. ಅದನ್ನು ಓದುಗ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ ಪ್ರಸ್ತಾವನೆಯಲ್ಲಿ ಈ ಪದ ಇರಲಿಲ್ಲ. ಆದರೆ ಅದರ ಅರ್ಥ ಸಂವಿಧಾನದ ಒಳಗೆ ಇತ್ತು. ತನಗೆ ಬೇಕಾದ ಧರ್ಮವನ್ನು ನಂಬಿ ನಡೆಯುವ ಸ್ವಾತಂತ್ರ್ಯವನ್ನು 25ನೆಯ ವಿಧಿ ಕೊಟ್ಟಿತ್ತು. ಧರ್ಮದ ಕಾರಣದಿಂದ ಸರ್ಕಾರಿ ನೌಕರಿಯಲ್ಲಿ ಭೇದವೆಣಿಸಕೂಡದೆಂದು 16ನೆಯ ವಿಧಿ ಹೇಳಿತ್ತು. ಯಾವುದೋ ಒಂದು ಧರ್ಮದ ಪೋಷಣೆಗೆಂದೇ ಮೀಸಲಾದ ತೆರಿಗೆಯನ್ನು ಯಾರ ಮೇಲೂ ಹೇರಕೂಡದೆಂದು 27ನೆಯ ವಿಧಿ ತಡೆದಿತ್ತು. ಪದ ಸೇರಿದ್ದು 1976ರ 42ನೆಯ ತಿದ್ದುಪಡಿಯಿಂದ. ಅದೇ ತಿದ್ದುಪಡಿ 51ಎ ಎಂಬ ಹೊಸ ವಿಧಿಯನ್ನೂ ತಂದು ನಾಗರಿಕರಿಗೆ ಹತ್ತು ಮೂಲಭೂತ ಕರ್ತವ್ಯಗಳನ್ನು ವಿಧಿಸಿತು. ಅವುಗಳಲ್ಲಿ ಎಂಟನೆಯದು ವೈಜ್ಞಾನಿಕ ಮನೋಭಾವ, ಮಾನವೀಯತೆ, ಜಿಜ್ಞಾಸೆ ಮತ್ತು ಸುಧಾರಣೆಯ ಪ್ರವೃತ್ತಿಯನ್ನು ಬೆಳೆಸಿಕೊಳ್ಳುವುದು. ಹೀಗೆ ಮತಭೇದವಿಲ್ಲದ ರಾಜ್ಯವೂ ಪ್ರಶ್ನಿಸುವ ನಾಗರಿಕನೂ ಒಂದೇ ತಿದ್ದುಪಡಿಯ ಮೂಲಕ ಸಂವಿಧಾನದ ಅಕ್ಷರಗಳಲ್ಲಿ ಕಾಣಿಸಿಕೊಂಡರು.

ಇದರಲ್ಲಿ ಒಂದು ವಿಪರ್ಯಾಸವಿದೆ. ಆಗ ದೇಶದಲ್ಲಿ ತುರ್ತು ಪರಿಸ್ಥಿತಿ ಇತ್ತು. ಪತ್ರಿಕೆಗಳ ಮೇಲೆ ಸೆನ್ಸಾರ್ ಇತ್ತು, ವಿರೋಧ ಪಕ್ಷದ ನಾಯಕರು ಸೆರೆಮನೆಯಲ್ಲಿದ್ದರು. ಪ್ರಶ್ನಿಸುವವರ ಬಾಯಿ ಮುಚ್ಚಿಸಿದ ಕಾಲದಲ್ಲೇ ಪ್ರಶ್ನಿಸುವುದು ಕರ್ತವ್ಯವೆಂದು ಬರೆಯಲಾಯಿತು. ಈ ಕಾರಣದಿಂದಲೇ ಆ ಮಾತುಗಳನ್ನು ಸಂಶಯದಿಂದ ನೋಡುವವರು ಇಂದಿಗೂ ಇದ್ದಾರೆ. ಆದರೆ 1977ರಲ್ಲಿ ಸರ್ಕಾರ ಬದಲಾದ ಮೇಲೆ ಬಂದ 43 ಮತ್ತು 44ನೆಯ ತಿದ್ದುಪಡಿಗಳು ತುರ್ತು ಪರಿಸ್ಥಿತಿಯ ಎಷ್ಟೋ ಕಟ್ಟಳೆಗಳನ್ನು ಕಿತ್ತುಹಾಕಿದರೂ ಇವೆರಡನ್ನು ಮುಟ್ಟಲಿಲ್ಲ. ಪ್ರಸ್ತಾವನೆಯಿಂದ ಆ ಪದವನ್ನು ತೆಗೆಯಬೇಕೆಂಬ ಅರ್ಜಿಗಳನ್ನು ಸುಪ್ರೀಂ ಕೋರ್ಟು 2024ರ ನವೆಂಬರ್‌ನಲ್ಲಿ ತಳ್ಳಿಹಾಕಿತು.

ಸಂವಿಧಾನದಲ್ಲಿ ಈ ಕರ್ತವ್ಯ ಅಚ್ಚಾಗುವ ಮೊದಲೇ, ಅದೇ 1976ರಲ್ಲಿ, ಅದನ್ನು ನಡೆಸಿ ತೋರಿಸಿದವರು ಬೆಂಗಳೂರಿನಲ್ಲಿದ್ದರು. ಅವರೇ ಡಾ. ಎಚ್. ನರಸಿಂಹಯ್ಯನವರು, ನಾಡಿನ ಜನರ ಬಾಯಲ್ಲಿ 'ಎಚ್ಚೆನ್'.

ಎಚ್ಚೆನ್ ಹುಟ್ಟಿದ್ದು 1920ರಲ್ಲಿ, ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಕುಟುಂಬದಲ್ಲಿ. ಹೈಸ್ಕೂಲು ಓದಲು ಬೆಂಗಳೂರಿಗೆ ಬರುವಾಗ ಬಸ್ಸಿನ ಖರ್ಚಿಗೂ ಹಣವಿಲ್ಲದೆ ನಡೆದೇ ಬಂದರೆಂಬುದು ಪ್ರಸಿದ್ಧವಾದ ಸಂಗತಿ. ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿನಲ್ಲಿ ಓದುತ್ತಿದ್ದಾಗ, 1936ರಲ್ಲಿ, ಶಾಲೆಗೆ ಬಂದ ಗಾಂಧೀಜಿಯವರ ಹಿಂದಿ ಭಾಷಣವನ್ನು ಕನ್ನಡಕ್ಕೆ ಅನುವಾದಿಸಿ ಹೇಳಿದ ಹುಡುಗ ಅವರೇ. ಅಂದಿನಿಂದ ತೊಟ್ಟ ಖಾದಿಯನ್ನು ಕೊನೆಯವರೆಗೂ ಬಿಡಲಿಲ್ಲ. ಸೆಂಟ್ರಲ್ ಕಾಲೇಜಿನ ವಿದ್ಯಾರ್ಥಿಯಾಗಿದ್ದಾಗ 1942ರ ಚಳವಳಿಗೆ ಧುಮುಕಿ ಜೈಲು ಸೇರಿದರು. ಮುಂದೆ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾದರು. ಅಮೆರಿಕೆಯ ಒಹಾಯೊ ರಾಜ್ಯ ವಿಶ್ವವಿದ್ಯಾಲಯದಿಂದ ಪರಮಾಣು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಹಿಂದಿರುಗಿ ಅದೇ ಕಾಲೇಜಿನ ಪ್ರಿನ್ಸಿಪಾಲರಾದರು. ಮದುವೆಯಾಗದೆ, ಮನೆ ಮಾಡದೆ, ಕಾಲೇಜಿನ ಹಾಸ್ಟೆಲಿನ ಒಂದು ಕೋಣೆಯಲ್ಲೇ ಬಾಳನ್ನು ಕಳೆದರು. 1962ರಲ್ಲಿ ಅವರು ಸ್ಥಾಪಿಸಿದ ಬೆಂಗಳೂರು ಸೈನ್ಸ್ ಫೋರಂ ವಾರವಾರವೂ ಸಾರ್ವಜನಿಕರಿಗೆ ಉಚಿತ ವಿಜ್ಞಾನ ಉಪನ್ಯಾಸಗಳನ್ನು ಏರ್ಪಡಿಸುತ್ತ ಬಂತು. ಪಂಡಿತರಿಗೂ ಶಾಲೆಯ ಹುಡುಗನಿಗೂ ಅಲ್ಲಿ ಪ್ರವೇಶ ಒಂದೇ. ಉಪನ್ಯಾಸ ಮುಗಿದ ಮೇಲೆ ಪ್ರಶ್ನೆ ಕೇಳುವ ಹಕ್ಕೂ ಒಂದೇ.

ಇಂಥವರು 1970ರ ದಶಕದಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಗಳಾದರು. 1976ರಲ್ಲಿ ಪವಾಡಗಳನ್ನೂ ಪರೀಕ್ಷೆಗೆ ಒಳಪಡಿಸಬಹುದಾದ ಇತರ ಮೂಢನಂಬಿಕೆಗಳನ್ನೂ ವಿಚಾರಣೆ ಮಾಡಲು ವಿಶ್ವವಿದ್ಯಾಲಯದ ವತಿಯಿಂದ ಒಂದು ಸಮಿತಿಯನ್ನು ರಚಿಸಿ ತಾವೇ ಅಧ್ಯಕ್ಷರಾದರು. 'ಪರೀಕ್ಷೆಗೆ ಒಳಪಡಿಸಬಹುದಾದ' ಎಂಬ ಮಾತನ್ನು ಗಮನಿಸಬೇಕು. ದೇವರು ಇದ್ದಾನೆಯೇ, ಪುನರ್ಜನ್ಮ ಉಂಟೇ ಎಂಬ ಚರ್ಚೆಗೆ ಸಮಿತಿ ಕೈಹಾಕಲಿಲ್ಲ. ಬರಿಗೈಯಿಂದ ವಸ್ತು ಹುಟ್ಟಿತೆಂದು ಯಾರಾದರೂ ಹೇಳಿದರೆ ಅದು ಕಣ್ಣೆದುರಿನ ಘಟನೆ; ಅದು ನಡೆಯಿತೇ ಇಲ್ಲವೇ ಎಂದು ನೋಡಬಹುದು. ಸಮಿತಿ ಎಳೆದುಕೊಂಡ ಗೆರೆ ಅಷ್ಟೇ.

ಆ ವರ್ಷ ಪಾಂಡವಪುರದಲ್ಲಿ ಒಬ್ಬ ಬಾಲಕನ ಕೈಯಿಂದ ವಿಭೂತಿ ಉದುರುತ್ತದೆಂದು ಜನ ಮುಗಿಬೀಳುತ್ತಿದ್ದರು. ಸಮಿತಿಯವರು ಅಲ್ಲಿಗೆ ಹೋಗಿ ಪರೀಕ್ಷಿಸಿದರು. ವಿಭೂತಿ ಹುಡುಗನ ಅಂಗಿಯೊಳಗೇ ಅಡಗಿತ್ತು. ಆ ಎಳೆಯ ಹುಡುಗನನ್ನು ದೂಷಿಸಿ ಫಲವಿಲ್ಲ. ಅವನ ಸುತ್ತ ನಿಂತು ಕೈಮುಗಿದ ದೊಡ್ಡವರಲ್ಲಿ ಒಬ್ಬರಿಗೂ ಅಂಗಿ ಬಿಚ್ಚಿಸಿ ನೋಡೋಣವೆನ್ನಿಸಲಿಲ್ಲವಲ್ಲ ಎಂಬುದು ಯೋಚಿಸಬೇಕಾದ ವಿಷಯ.

ಅದೇ ವರ್ಷದ ಜೂನ್‌ನಲ್ಲಿ ಎಚ್ಚೆನ್ ಪುಟ್ಟಪರ್ತಿಯ ಸತ್ಯಸಾಯಿಬಾಬಾ ಅವರಿಗೆ ಪತ್ರ ಬರೆದರು. ತಾವು ಸೃಷ್ಟಿಸುವ ವಸ್ತುಗಳನ್ನು ಸಮಿತಿಯ ಎದುರು, ವೈಜ್ಞಾನಿಕ ಪರೀಕ್ಷೆಗೆ ಒಪ್ಪುವ ರೀತಿಯಲ್ಲಿ ಸೃಷ್ಟಿಸಿ ತೋರಿಸಬೇಕೆಂಬ ಕೋರಿಕೆ ಅದು. ಒಟ್ಟು ಮೂರು ಪತ್ರಗಳು ಹೋದವು. ಸಮಿತಿಗೆ ಉತ್ತರ ಬರಲಿಲ್ಲ. ಆಧ್ಯಾತ್ಮವು ಇಂದ್ರಿಯಗಳನ್ನು ಮೀರಿದ್ದು, ಅದನ್ನು ವಿಜ್ಞಾನ ಅಳೆಯಲಾರದು ಎಂಬ ಅರ್ಥದ ಸಮಾಧಾನವನ್ನು ಬಾಬಾ ಅವರು ಒಂದು ಪತ್ರಿಕಾ ಸಂದರ್ಶನದಲ್ಲಿ ನೀಡಿದರು. ಉಂಗುರ, ವಿಭೂತಿಗಳ ಬದಲು ಒಂದು ಕುಂಬಳಕಾಯಿಯನ್ನು ಸೃಷ್ಟಿಸಲಿ ಎಂದು ಎಚ್ಚೆನ್ ಕೇಳುತ್ತಿದ್ದುದನ್ನು ನಾಡಿನ ಜನ ಇಂದಿಗೂ ನೆನೆಯುತ್ತಾರೆ. ಕೇಳಿದವರು ನಗುತ್ತಾರೆ. ಆದರೆ ಅದು ಬರಿಯ ತಮಾಷೆಯಲ್ಲ. ತೋಳಿನೊಳಗೆ ಬಚ್ಚಿಡಲಾಗದ ವಸ್ತುವನ್ನು ಆರಿಸಿದರೆ ಕೈಚಳಕದ ಶಂಕೆ ತಾನೇ ಹೋಗುತ್ತದೆ. ಬಿ.ಎಸ್ಸಿ. ತರಗತಿಯ ಪ್ರಯೋಗಶಾಲೆಯಲ್ಲಿ ನಾವೆಲ್ಲ ಕಲಿತ ಪಾಠವೂ ಇದೇ: ಫಲಿತಾಂಶವನ್ನು ಒಪ್ಪುವ ಮುನ್ನ ಅದಕ್ಕೆ ಬೇರೆ ಕಾರಣ ಇರಬಹುದೇ ಎಂದು ನೋಡಿ, ಆ ದಾರಿಯನ್ನು ಮುಚ್ಚಬೇಕು.

ಈ ಪತ್ರಿಕೆಯ ಓದುಗರಲ್ಲಿ ಬಾಬಾ ಅವರ ಭಕ್ತರೂ ಇದ್ದಾರೆಂದು ನಾವು ಬಲ್ಲೆವು. ವೈಟ್‌ಫೀಲ್ಡಿನ ಆಸ್ಪತ್ರೆಯಲ್ಲಿ ಬಡವರಿಗೆ ಉಚಿತ ಹೃದಯ ಚಿಕಿತ್ಸೆ ದೊರಕಿರುವುದೂ, ಅನಂತಪುರ ಜಿಲ್ಲೆಯ ಹಳ್ಳಿಗಳಿಗೆ ಕುಡಿಯುವ ನೀರು ಬಂದಿರುವುದೂ ಅವರ ಸಂಸ್ಥೆಗಳಿಂದ. ಆ ಸೇವೆಯನ್ನು ಅಲ್ಲಗಳೆಯುವ ಅಗತ್ಯ ಯಾರಿಗೂ ಇಲ್ಲ. ಆದರೆ ಸೇವೆ ದೊಡ್ಡದೆಂಬ ಕಾರಣಕ್ಕೆ ಪವಾಡವೂ ಸತ್ಯವೆಂದು ಒಪ್ಪಬೇಕೆ? ನಾವು ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತಿಕೆ ಮಾಡುವವರು. ಎಷ್ಟೇ ಸಜ್ಜನರ ಪ್ರವಾಸಭತ್ಯದ ಬಿಲ್ಲಾದರೂ ವೋಚರ್ ಇಲ್ಲದಿದ್ದರೆ ಪಾಸಾಗುವುದಿಲ್ಲ. ವೋಚರ್ ಕೇಳಿದೆವೆಂದರೆ ಅವರನ್ನು ಕಳ್ಳರೆಂದಂತೆ ಅಲ್ಲ. ಸಾಹೇಬರಿಗೂ ಜವಾನನಿಗೂ ಒಂದೇ ನಿಯಮವಿದ್ದಾಗ ಅದರಲ್ಲಿ ಅವಮಾನವೆಂಬುದಿಲ್ಲ.

1977ರ ಆಗಸ್ಟ್‌ನಲ್ಲಿ ಸಮಿತಿ ವಿಸರ್ಜನೆಯಾಯಿತು. ಒಂದು ವರ್ಷಕ್ಕಿಂತ ತುಸು ಹೆಚ್ಚಿನ ಆಯುಷ್ಯ. ಅದು ಸೋತಿತೆಂದು ಹೇಳುವವರುಂಟು. ನಮಗೆ ಹಾಗೆ ಅನ್ನಿಸುವುದಿಲ್ಲ. ಸಾರ್ವಜನಿಕ ಹಣದಿಂದ ನಡೆಯುವ ಒಂದು ವಿಶ್ವವಿದ್ಯಾಲಯವು ಊರಿಗೆಲ್ಲ ಪೂಜ್ಯರಾದವರಿಗೆ ಬಹಿರಂಗವಾಗಿ, ಮರ್ಯಾದೆಯಿಂದ, ಪತ್ರಮುಖೇನ ಪ್ರಶ್ನೆ ಕೇಳಬಹುದೆಂದು ಆ ಮೂರು ಪತ್ರಗಳು ತೋರಿಸಿಕೊಟ್ಟವು. ಎಚ್ಚೆನ್ ಅವರಿಗೆ 1984ರಲ್ಲಿ ಪದ್ಮಭೂಷಣ ಬಂತು. ಅವರು ತೀರಿಕೊಂಡದ್ದು 2005ರ ಜನವರಿ 31ರಂದು.

ಬೆಂಗಳೂರಿನ ಈ ಕಥೆಗೂ ದೆಹಲಿಯ ಸುಪ್ರೀಂ ಕೋರ್ಟಿಗೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಇಲ್ಲಿ ಇನ್ನಿಬ್ಬರನ್ನು ನೆನೆಯಬೇಕು. ಒಬ್ಬರು ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿ ಕೇಶವಾನಂದ ಭಾರತಿಯವರು. ಕೇರಳದ ಭೂಸುಧಾರಣೆಯ ವಿರುದ್ಧ ಅವರು ಹೂಡಿದ ದಾವೆಯನ್ನು 13 ನ್ಯಾಯಾಧೀಶರು ಕೇಳಿ 1973ರ ಏಪ್ರಿಲ್ 24ರಂದು ತೀರ್ಪಿತ್ತರು. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲರಚನೆಯನ್ನು ಕೆಡಿಸಕೂಡದು ಎಂಬ ತತ್ವ ಅಲ್ಲಿ ಸ್ಥಾಪಿತವಾಯಿತು.

ಇನ್ನೊಬ್ಬರು ಎಸ್. ಆರ್. ಬೊಮ್ಮಾಯಿಯವರು. 1989ರ ಏಪ್ರಿಲ್ 21ರಂದು ಅವರ ಸರ್ಕಾರವನ್ನು ವಜಾ ಮಾಡಲಾಯಿತು. ತಮಗೆ ಬಹುಮತವಿದೆ, ವಿಧಾನಸಭೆಯಲ್ಲೇ ಪರೀಕ್ಷಿಸಿರಿ ಎಂದು ಅವರು ಕೋರಿದರೂ ರಾಜ್ಯಪಾಲರು ಒಪ್ಪಲಿಲ್ಲ. ಬೊಮ್ಮಾಯಿಯವರು ನ್ಯಾಯಾಲಯಕ್ಕೆ ಹೋದರು. 1992ರ ಡಿಸೆಂಬರ್‌ನಲ್ಲಿ ಅಯೋಧ್ಯೆಯ ಬಾಬರಿ ಮಸೀದಿ ಉರುಳಿದ ಮೇಲೆ ವಜಾ ಆದ ಮೂರು ರಾಜ್ಯ ಸರ್ಕಾರಗಳ ವ್ಯಾಜ್ಯವೂ ಇದರ ಜೊತೆ ಸೇರಿಕೊಂಡಿತು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಾಧೀಶರ ಪೀಠ ಎರಡು ಮುಖ್ಯ ಮಾತುಗಳನ್ನು ಹೇಳಿತು. ಬಹುಮತದ ನಿರ್ಣಯ ಆಗಬೇಕಾದುದು ರಾಜಭವನದ ಕೋಣೆಯಲ್ಲಲ್ಲ, ಶಾಸನಸಭೆಯಲ್ಲಿ. ಮತ್ತು ಮತನಿರಪೇಕ್ಷತೆಯು ಸಂವಿಧಾನದ ಮೂಲರಚನೆಗೆ ಸೇರಿದ್ದು.

ಮಠಾಧಿಪತಿಯೊಬ್ಬರ ದಾವೆಯಿಂದ ಹುಟ್ಟಿದ ತತ್ವವೇ ಮತನಿರಪೇಕ್ಷತೆಗೆ ರಕ್ಷಣೆಯಾದುದು ನಮ್ಮ ಚರಿತ್ರೆಯ ಸೊಗಸು. ಅದಕ್ಕಿಂತ ನಮ್ಮ ಮನಸ್ಸಿಗೆ ಹಿಡಿಸಿದ ಸಂಗತಿಯೆಂದರೆ ಬೊಮ್ಮಾಯಿಯವರ ಬೇಡಿಕೆಯೂ ಎಚ್ಚೆನ್ ಅವರ ಬೇಡಿಕೆಯೂ ಬುಡದಲ್ಲಿ ಒಂದೇ ಆಗಿರುವುದು. ಬಹುಮತವಿದೆಯೇ? ಎಲ್ಲರೆದುರು ತಲೆ ಎಣಿಸಿ. ಪವಾಡ ಉಂಟೇ? ಎಲ್ಲರೆದುರು ಮಾಡಿ ತೋರಿಸಿ. ಹತ್ತು ಜನರನ್ನು ಒಪ್ಪಿಸಬೇಕಾದ ಮಾತನ್ನು ಹತ್ತು ಜನರೂ ಪರೀಕ್ಷಿಸಬಲ್ಲ ರೀತಿಯಲ್ಲಿ ಸಾಧಿಸಬೇಕು. ಮನೆಯ ದೇವರಕೋಣೆಯಲ್ಲಿ ಯಾರು ಏನು ಮಾಡುತ್ತಾರೆಂಬುದು ಅವರವರಿಗೆ ಸೇರಿದ್ದು. ಕಚೇರಿ, ಶಾಲೆ, ಶಾಸನಸಭೆಗಳಲ್ಲಿ ಮಾತ್ರ ಎಲ್ಲ ಧರ್ಮದವರಿಗೂ ಒಪ್ಪಿತವಾಗಬಲ್ಲ ಪುರಾವೆ ಬೇಕು. ಧರ್ಮನಿರಪೇಕ್ಷ, ಪಂಥನಿರಪೇಕ್ಷ, ಜಾತ್ಯತೀತ ಎಂಬ ಪದಗಳ ಹಿಂದಿರುವ ಅರ್ಥ ಇದೇ ಎಂದು ನಾವು ತಿಳಿದಿದ್ದೇವೆ.

ಎಚ್ಚೆನ್ ಅವರಿಗೆ ಉತ್ತರ ಬರಲಿಲ್ಲ, ನಿಜ. ಅವರ ನಂತರ ಪ್ರಶ್ನೆ ಕೇಳಿದ ಕೆಲವರಿಗೆ ಬಂದ ಉತ್ತರ ಗುಂಡಿನದು. ಮಹಾರಾಷ್ಟ್ರದಲ್ಲಿ ಅಂಧಶ್ರದ್ಧೆಯ ವಿರುದ್ಧ ದಶಕಗಳ ಕಾಲ ಕೆಲಸ ಮಾಡಿದ ಡಾ. ನರೇಂದ್ರ ದಾಭೋಲ್ಕರ್ ಅವರನ್ನು 2013ರ ಆಗಸ್ಟ್ 20ರ ಬೆಳಗ್ಗೆ ನಮ್ಮ ಪುಣೆಯಲ್ಲೇ, ಓಂಕಾರೇಶ್ವರದ ಬಳಿಯ ಸೇತುವೆಯ ಮೇಲೆ ಕೊಂದರು. ಆ ಸೇತುವೆಗೆ ಮಹರ್ಷಿ ವಿಠ್ಠಲ ರಾಮಜೀ ಶಿಂದೆಯವರ ಹೆಸರಿದೆ. ಅಸ್ಪೃಶ್ಯತೆಯ ವಿರುದ್ಧ ಬಾಳೆಲ್ಲ ದುಡಿದ ಶಿಂದೆಯವರು ಹುಟ್ಟಿದ್ದು ನಮ್ಮ ಜಮಖಂಡಿಯಲ್ಲಿ. ಎರಡು ವರ್ಷಗಳ ನಂತರ, 2015ರ ಆಗಸ್ಟ್ 30ರಂದು, ವಚನ ಸಾಹಿತ್ಯದ ಸಂಶೋಧಕರೂ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ವಿಶ್ರಾಂತ ಕುಲಪತಿಗಳೂ ಆದ ಡಾ. ಎಂ. ಎಂ. ಕಲಬುರ್ಗಿಯವರನ್ನು ಧಾರವಾಡದ ಅವರ ಮನೆಯ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ದಾಭೋಲ್ಕರ್ ಪ್ರಕರಣದಲ್ಲಿ ಇಬ್ಬರಿಗೆ ಜೀವಾವಧಿ ಶಿಕ್ಷೆಯಾಗಲು 2024ರ ಮೇ ತಿಂಗಳವರೆಗೆ ಕಾಯಬೇಕಾಯಿತು. ನಡುವೆ ಮಹಾರಾಷ್ಟ್ರ 2013ರಲ್ಲಿಯೂ ಕರ್ನಾಟಕ 2017ರಲ್ಲಿಯೂ ಅಮಾನುಷ ಆಚರಣೆಗಳ ವಿರುದ್ಧ ಕಾನೂನು ಮಾಡಿದವು.

ಕಾನೂನು ವಂಚಕನನ್ನು ಹಿಡಿಯಬಹುದು. ಪ್ರಶ್ನೆ ಕೇಳುವ ಅಭ್ಯಾಸವನ್ನು ಅದು ಕಲಿಸಲಾರದು. ಅದು ಮನೆಯಲ್ಲಿ ಮತ್ತು ಸಂಘಗಳಲ್ಲಿ ಬೆಳೆಯಬೇಕಾದದ್ದು. ಹೊರನಾಡಿನಲ್ಲಿರುವ ನಮಗೆ ಇದರ ಅಗತ್ಯ ಇತರರಿಗಿಂತ ಒಂದು ಕೈ ಹೆಚ್ಚೇ. ಈ ಊರಿನಲ್ಲಿ ಭಾಷೆಯಿಂದ ನಾವು ಅಲ್ಪಸಂಖ್ಯಾತರು. ನಮ್ಮ ಸಂಘದೊಳಗೆ ಲಿಂಗಾಯತರು, ಬ್ರಾಹ್ಮಣರು, ಬಂಟರು, ಜೈನರು, ಮುಸಲ್ಮಾನರು, ಕ್ರೈಸ್ತರು ಕನ್ನಡದ ಹೆಸರಿನಲ್ಲಿ ಒಂದೇ ಪಂಕ್ತಿಯಲ್ಲಿ ಕೂಡುತ್ತೇವೆ. ವಾಟ್ಸ್ಯಾಪಿನಲ್ಲಿ ಬಂದ ಯಾವುದೋ ಸುದ್ದಿಯನ್ನು ವಿಚಾರಿಸದೆ ಮುಂದೆ ಕಳುಹಿಸಿದರೆ ಆ ಪಂಕ್ತಿಯಿಂದ ಒಬ್ಬರು ಎದ್ದುಹೋಗಲು ಅಷ್ಟೇ ಸಾಕು.

ಆದುದರಿಂದ ಕಾರ್ಯಕಾರಿ ಸಮಿತಿಗೆ ನಮ್ಮದೊಂದು ಸಲಹೆ. ರಾಜ್ಯೋತ್ಸವಕ್ಕೆ ಹಾಡು, ಕುಣಿತ, ಹೋಳಿಗೆ ಎಲ್ಲವೂ ಇರಲಿ. ತಿಂಗಳಿಗೊಮ್ಮೆ ಸೈನ್ಸ್ ಫೋರಂ ಮಾದರಿಯ ಒಂದು ಉಪನ್ಯಾಸವೂ ಇರಲಿ: ವಿಜ್ಞಾನ, ಚರಿತ್ರೆ, ಸಂವಿಧಾನ, ಯಾವುದಾದರೂ ಸರಿ. ಉಪನ್ಯಾಸಕ್ಕೆ ಅರ್ಧ ಗಂಟೆ, ಪ್ರಶ್ನೆಗಳಿಗೆ ಅರ್ಧ ಗಂಟೆ. ಮೊದಲ ಪ್ರಶ್ನೆಯನ್ನು ಸಭೆಯಲ್ಲಿರುವ ಅತ್ಯಂತ ಕಿರಿಯರೇ ಕೇಳಲಿ, ದೊಡ್ಡವರು ಅದಕ್ಕೆ ಗದರದೆ ಉತ್ತರ ಕೊಡಲಿ. ಉತ್ತರ ಗೊತ್ತಿಲ್ಲದಿದ್ದರೆ ಮುಂದಿನ ತಿಂಗಳು ಹುಡುಕಿ ತಂದು ಹೇಳಿದರಾಯಿತು.