ಹಾನಿ ತಗ್ಗಿಸುವ ಆರೈಕೆ: ಮಾದಕ ವಸ್ತು ಬಳಸುವವರ ಚಿಕಿತ್ಸೆ ಮತ್ತು ಚೆನ್ನೈ

ಚಟ ಬಿಟ್ಟು ಬಂದರೆ ಮಾತ್ರ ಚಿಕಿತ್ಸೆ ಎನ್ನದೆ, ಮಾದಕ ವಸ್ತುವಿನ ಬಳಕೆ ನಡೆದಿರುವಾಗಲೇ ವ್ಯಕ್ತಿಯ ಜೀವ, ಆರೋಗ್ಯ, ಮರ್ಯಾದೆಗಳನ್ನು ಕಾಪಾಡುವ ಕ್ರಮವೇ ಹಾನಿ ತಗ್ಗಿಸುವಿಕೆ. ವ್ಯಸನದ ಹಿಂದೆ ಬಾಲ್ಯದ ಹಿಂಸೆ, ಲೈಂಗಿಕ ದೌರ್ಜನ್ಯ, ಬೀದಿಪಾಲಾದ ಬದುಕು, ಲಾಠಿ ಏಟು ಇರಬಹುದೆಂದು ಅರಿತು, ಚಿಕಿತ್ಸೆಯೇ ಇನ್ನೊಂದು ಪೆಟ್ಟಾಗದಂತೆ ನೋಡಿಕೊಳ್ಳುವುದು ಆಘಾತಪ್ರಜ್ಞೆಯ ಆರೈಕೆ. ಮೊದಲನೆಯದು ವ್ಯಕ್ತಿಯನ್ನು ಬದುಕಿಸುತ್ತದೆ. ಎರಡನೆಯದು ಅವನು ನಾಳೆಯೂ ಬಾಗಿಲಿಗೆ ಬರುವಂತೆ ಮಾಡುತ್ತದೆ.

ಭಾರತದಲ್ಲಿ ಈ ಕೆಲಸದ ಚರಿತ್ರೆ ಹೇಳುವಾಗ ಚೆನ್ನೈಯನ್ನು ಬಿಡುವಂತಿಲ್ಲ. ನಗರದ ಕಿಲ್ಪಾಕ್‌ನಲ್ಲಿ 1794ರಷ್ಟು ಹಿಂದಿನ ಮೂಲವಿರುವ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಯಿದೆ. ದಕ್ಷಿಣದ ಇಂದಿರಾನಗರದಲ್ಲಿ ಟಿಟಿಕೆ ಆಸ್ಪತ್ರೆಯಿದೆ. ಮದ್ಯವ್ಯಸನದಿಂದ ಪತಿಯನ್ನು ಕಳೆದುಕೊಂಡ ಶಾಂತಿ ರಂಗನಾಥನ್ 1980ರಲ್ಲಿ ಆರಂಭಿಸಿದ ಪ್ರತಿಷ್ಠಾನದಿಂದ ಬೆಳೆದ ಆಸ್ಪತ್ರೆ ಅದು. ಅದರ ಗುರಿ ಸಂಪೂರ್ಣ ವರ್ಜನೆ. ಆದರೆ ವ್ಯಸನವನ್ನು ನಡತೆಗೇಡು ಎನ್ನದೆ ರೋಗವೆಂದು ಕಂಡು, ಮನೆಯವರನ್ನೂ ಚಿಕಿತ್ಸೆಯೊಳಗೆ ತಂದದ್ದು ಅದರ ದೊಡ್ಡ ಕೊಡುಗೆ.

ಇನ್ನೊಂದು ಎಳೆ ಎಚ್‌ಐವಿಯದು. 1986ರಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜಿನ ಡಾ. ಸುನೀತಿ ಸೋಲೊಮನ್ ಮತ್ತು ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ, ಲೈಂಗಿಕ ವೃತ್ತಿಯ ಮಹಿಳೆಯರ ರಕ್ತದ ಮಾದರಿಗಳಲ್ಲಿ ದೇಶದ ಮೊದಲ ಎಚ್‌ಐವಿ ಸೋಂಕುಗಳನ್ನು ಗುರುತಿಸಿದರು. ಸೋಲೊಮನ್ ಮುಂದೆ ವೈಆರ್‌ಜಿ ಕೇರ್ ಸಂಸ್ಥೆ ಕಟ್ಟಿದರು. 2005ರಿಂದ ಆ ಸಂಸ್ಥೆ ಸೂಜಿಯಿಂದ ಮಾದಕ ವಸ್ತು ಚುಚ್ಚಿಕೊಳ್ಳುವ 1,158 ಚೆನ್ನೈವಾಸಿಗಳನ್ನು ಅಧ್ಯಯನಕ್ಕೆ ಸೇರಿಸಿಕೊಂಡಿತು. ಅವರಲ್ಲಿ ಸುಮಾರು ಕಾಲುಭಾಗದವರಿಗೆ ಎಚ್‌ಐವಿ ಇತ್ತು. ಮುಂದಿನ ವರ್ಷಗಳಲ್ಲಿ ಸಂಭವಿಸಿದ ಸಾವುಗಳಿಗೆ ಮುಖ್ಯ ಕಾರಣಗಳಲ್ಲಿ ಮಿತಿಮೀರಿದ ಪ್ರಮಾಣದ ಸೇವನೆಯೂ ಒಂದು. ಕೆಲಕಾಲ ಬಿಟ್ಟವನ ದೇಹ ಹಳೆಯ ಪ್ರಮಾಣವನ್ನು ತಾಳುವುದಿಲ್ಲ. ಆದ್ದರಿಂದಲೇ ಜೈಲಿನಿಂದಲೋ ಬಲವಂತದ ವ್ಯಸನಮುಕ್ತಿ ಕೇಂದ್ರದಿಂದಲೋ ಹೊರಬಿದ್ದ ಮೊದಲ ವಾರಗಳು ಅತ್ಯಂತ ಅಪಾಯದವು.

ಒಬ್ಬರು ಬಳಸಿದ ಸೂಜಿಯನ್ನು ಇನ್ನೊಬ್ಬರು ಬಳಸಿ ಸೋಂಕು ಹರಡದಂತೆ ಹೊಸ ಸೂಜಿ ವಿತರಿಸುವ ಪದ್ಧತಿ 1984ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ, ಬಳಕೆದಾರರ ಸಂಘದ ಒತ್ತಾಯದಿಂದಲೇ ಶುರುವಾಯಿತು. ಸೂಜಿ ಕೊಟ್ಟರೆ ಚಟಕ್ಕೆ ಕುಮ್ಮಕ್ಕು ಕೊಟ್ಟಂತೆ ಎಂಬ ಆಕ್ಷೇಪ ಆಗಲೂ ಇತ್ತು, ಈಗಲೂ ಇದೆ. ದಶಕಗಳ ಅನುಭವ ಅದನ್ನು ಸಮರ್ಥಿಸಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಸೂಜಿ ವಿತರಣೆಯನ್ನು ಶಿಫಾರಸು ಮಾಡುತ್ತದೆ; ಹೆರಾಯಿನ್‌ನಂಥ ಮಾದಕ ವಸ್ತುವಿಗೆ ಬದಲಿಯಾಗಿ ಕೊಡುವ ಬ್ಯುಪ್ರೆನಾರ್ಫಿನ್, ಮೆಥಡೋನ್ ಔಷಧಿಗಳನ್ನು 2005ರಲ್ಲಿ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಭಾರತದ ಬದಲಿ ಔಷಧಿ ಕೇಂದ್ರಗಳಲ್ಲಿ ಕೆಲಸ ನಡೆಯುವುದು ಹೀಗೆ. ನರ್ಸ್ ಬ್ಯುಪ್ರೆನಾರ್ಫಿನ್ ಮಾತ್ರೆಯನ್ನು ಪುಡಿ ಮಾಡಿ, ಚಿಕಿತ್ಸೆಗೆ ಬಂದವನ ನಾಲಿಗೆಯ ಅಡಿಗೆ ಹಾಕುತ್ತಾರೆ. ಪುಡಿ ಕರಗುವವರೆಗೆ ಆತ ಅಲ್ಲೇ ಕೂರಬೇಕು. ನಂತರ ಬಾಯಿ ತೆರೆದು ತೋರಿಸಿ ಹೊರಡಬೇಕು. ಮಾದಕ ವಸ್ತು ಸಿಗದಾಗ ಕಾಡುವ ಮೈಕೈ ನೋವು, ವಾಂತಿ, ನಡುಕಗಳನ್ನು ಈ ಔಷಧಿ ತಡೆಯುವುದರಿಂದ ಆ ದಿನ ಸೂಜಿ ಹುಡುಕಿ ಅಲೆಯುವ ಅಗತ್ಯ ಬೀಳುವುದಿಲ್ಲ, ಕೂಲಿಗೆ ಹೋಗಬಹುದು. ಇಂಥ ನಿತ್ಯದ ಭೇಟಿಯಲ್ಲೇ ಕೀವು ತುಂಬಿದ ಗಾಯಕ್ಕೆ ಪಟ್ಟಿ ಕಟ್ಟಬಹುದು, ಕ್ಷಯದ ತಪಾಸಣೆಗೆ ಕಳಿಸಬಹುದು.

ಹಳೆಯ ಆಘಾತಕ್ಕೂ ವ್ಯಸನಕ್ಕೂ ಇರುವ ನಂಟನ್ನು 1998ರಲ್ಲಿ ವಿನ್ಸೆಂಟ್ ಫೆಲಿಟ್ಟಿ ಮತ್ತು ರಾಬರ್ಟ್ ಆಂಡಾ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ ತೋರಿಸಿದರು: ಬಾಲ್ಯದ ಕಷ್ಟಗಳು ಹೆಚ್ಚಿದಷ್ಟೂ ಮುಂದೆ ವ್ಯಸನದ ಸಾಧ್ಯತೆಯೂ ಹೆಚ್ಚು. ಕೇಂದ್ರದಲ್ಲಿ ಈ ತಿಳಿವಳಿಕೆ ಸಣ್ಣ ಸಣ್ಣ ನಡೆಗಳಾಗುತ್ತದೆ. ಮೈಮುಟ್ಟುವ ಮೊದಲು ಕೇಳುವುದು, ಹಳೆಯ ಕಥೆಯನ್ನು ಕೆದಕದಿರುವುದು, ಗದರದಿರುವುದು, ಮಹಿಳೆಯರಿಗೆ ಪ್ರತ್ಯೇಕ ಜಾಗ ಕೊಡುವುದು, ಚಟದ ದಾರಿ ಕಂಡವರನ್ನೇ ಜೊತೆಗಾರರಾಗಿ ನೇಮಿಸುವುದು.

ಇಂಥ ಆರೈಕೆಗೆ ವಿರುದ್ಧವಾದ, ಕಟ್ಟಿ ಕೂಡಿಹಾಕುವ ದಾರಿ ಎಲ್ಲಿಗೆ ಮುಟ್ಟುತ್ತದೆಂದು ತಮಿಳುನಾಡು ಕಂಡಿದೆ. 2001ರ ಆಗಸ್ಟ್ 6ರಂದು ರಾಮನಾಥಪುರ ಜಿಲ್ಲೆಯ ಏರ್ವಾಡಿಯ ಖಾಸಗಿ ಆಶ್ರಯವೊಂದರಲ್ಲಿ ಬೆಂಕಿ ಬಿದ್ದು, ಸರಪಳಿಯಲ್ಲಿ ಕಟ್ಟಿಹಾಕಿದ್ದ ಮನೋರೋಗಿಗಳು ಓಡಲಾರದೆ ಸತ್ತರು. ಸತ್ತವರು 28 ಮಂದಿ. ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಷೇಧಿಸಿದೆ. ಮದ್ಯ ಮತ್ತು ಮಾದಕ ವಸ್ತುಗಳಿಂದ ಬರುವ ಮಾನಸಿಕ ತೊಂದರೆಗಳೂ ಆ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಅದೇ ವರ್ಷದ ಎಚ್‌ಐವಿ ಕಾಯ್ದೆ ಸೂಜಿ ವಿತರಣೆಯಂಥ ಕ್ರಮಗಳಿಗೆ ಕಾನೂನಿನ ರಕ್ಷಣೆ ಕೊಟ್ಟಿತು. ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಸೇವನೆ ಇಂದಿಗೂ ಅಪರಾಧ. ಆದರೂ ತಾನಾಗಿ ಚಿಕಿತ್ಸೆಗೆ ಬಂದ ವ್ಯಸನಿಗೆ ಅದರ 64ಎ ಕಲಮು ಸೇವನೆಯ ಮೊಕದ್ದಮೆಯಿಂದ ವಿನಾಯಿತಿ ಕೊಡುತ್ತದೆ. ಈ ಕಲಮನ್ನು ಠಾಣೆಯಲ್ಲೂ ಮನೆಯಲ್ಲೂ ಎಲ್ಲರೂ ಅರಿತಿರಬೇಕು.

ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ಸುಮಾರು 8.5 ಲಕ್ಷ ಜನ ಸೂಜಿಯಿಂದ ಮಾದಕ ವಸ್ತು ಬಳಸುತ್ತಾರೆ. ಕನ್ನಡನಾಡಿನಲ್ಲಿ ಬೆಂಗಳೂರಿನ ನಿಮ್ಹಾನ್ಸ್ ವ್ಯಸನ ಚಿಕಿತ್ಸಾ ಕೇಂದ್ರ ನಡೆಸುತ್ತದೆ. ಮನೆಯಲ್ಲಿ ಯಾರಾದರೂ ಈ ಸಂಕಟದಲ್ಲಿದ್ದರೆ ಅವರನ್ನು ಕೂಡಿಹಾಕಬೇಡಿ, ಹೊಡೆಯಬೇಡಿ. ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ, ಇಲ್ಲವೇ ಕನ್ನಡದಲ್ಲೂ ಮಾತನಾಡಬಹುದಾದ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ.