ಹುಳುಮನೆಯೂ ತೊಟ್ಟಿಲೂ

ಹೊಸಕೋಟೆಗೆ ಸಮೀಪವಾದ ಪಿಲ್ಲಗುಂಪೆಯನ್ನು ಈ ದಿನ ನೋಡುವವರಿಗೆ ಅದು ಕೈಗಾರಿಕಾ ಪ್ರದೇಶವೆಂದೇ ತೋರುವುದು. ಆ ಸೀಮೆಯ ಹೊಲಗಳಲ್ಲಿ ಹಿಪ್ಪುನೇರಳೆಯ ಸಾಲುಗಳನ್ನು ಕಂಡವರಲ್ಲಿ ಈ ಲೇಖಕನೂ ಒಬ್ಬನು. ಸ್ತ್ರೀಯರು ಮನೆಯಲ್ಲಿದ್ದುಕೊಂಡೇ ಸ್ವತಂತ್ರವಾಗಿ ಉದ್ಯಮವನ್ನು ನಡೆಯಿಸುತ್ತ ಮಕ್ಕಳನ್ನೂ ಸಾಕುವ ವಿಷಯವಾಗಿ ಈಚೆಗೆ ಬಹಳ ಚರ್ಚೆಯಾಗುತ್ತಿರುವುದು. ಇದು ನಮ್ಮ ಕಾಲದಲ್ಲಿಯೇ ಹುಟ್ಟಿದ ಸಮಸ್ಯೆಯೆಂದು ಮಾತನಾಡುವವರೂ ಉಂಟು. ವಾಚಕ ಮಹಾಶಯರು ಸ್ವಲ್ಪ ಹಿಂದಕ್ಕೆ ದೃಷ್ಟಿಯನ್ನು ಹಾಯಿಸಬೇಕೆಂದು ಪ್ರಾರ್ಥಿಸುತ್ತೇನೆ.

ಮೈಸೂರಿನ ಪ್ರಾಚ್ಯ ಪುಸ್ತಕಾಲಯದ ವಿದ್ವಾಂಸರಾದ ಆರ್. ಶಾಮಶಾಸ್ತ್ರಿಗಳು ತಾಳೆಯೋಲೆಯಿಂದ ಶೋಧಿಸಿ 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸೂತ್ರಾಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಅಧ್ಯಾಯವೊಂದಿದೆ. ನೂಲಿನ ಬಗೆಗಳಲ್ಲಿ ಕೃಮಿತಾನ, ಎಂದರೆ ಹುಳುವಿನ ಎಳೆಯೂ, ಅಲ್ಲಿ ಎಣಿಕೆಯಾಗಿರುವುದು. ಮನೆಯಿಂದ ಹೊರಗೆ ಬಾರದ ವಿಧವೆಯರಿಗೂ, ಪತಿಯು ದೇಶಾಂತರಕ್ಕೆ ಹೋದವರಿಗೂ, ಅಂಗವಿಕಲೆಯರಿಗೂ, ಕನ್ಯೆಯರಿಗೂ ದಾಸಿಯರ ಮೂಲಕ ಮರ್ಯಾದೆಯಿಂದ ಕೆಲಸವನ್ನು ಕಳುಹಿಸಿಕೊಡಬೇಕೆಂಬುದು ಆಚಾರ್ಯನ ವಿಧಿ. ತಾವಾಗಿಯೇ ಸೂತ್ರಶಾಲೆಗೆ ಬರುವವರ ನೂಲನ್ನು ಮುಂಜಾನೆಯಲ್ಲಿ ಪಡೆದು ಕೂಲಿಯನ್ನು ಕೊಡತಕ್ಕದ್ದು. ನೂಲನ್ನು ಪರೀಕ್ಷಿಸುವಷ್ಟಕ್ಕೆ ಮಾತ್ರ ದೀಪವಿರತಕ್ಕದ್ದು. ಸ್ತ್ರೀಯ ಮುಖವನ್ನು ದಿಟ್ಟಿಸಿದ ಅಧಿಕಾರಿಗೂ ಕೂಲಿಯನ್ನು ತಡಮಾಡಿದವನಿಗೂ ದಂಡ. ಎಷ್ಟು ಸೂಕ್ಷ್ಮವಾದ ಬುದ್ಧಿ! ಆದರೆ ನೂಲುವವಳ ಮಡಿಲಲ್ಲಿ ಶಿಶುವಿದ್ದರೆ ಏನು ಮಾಡಬೇಕೆಂಬುದನ್ನು ಅಷ್ಟೆಲ್ಲ ಯೋಚಿಸಿದ ಆಚಾರ್ಯನು ಹೇಳಲಿಲ್ಲ. ಪಾಠಶಾಲೆಯಲ್ಲಿ ಈ ಭಾಗವನ್ನು ಓದಿದಾಗ ನಮಗೂ ಈ ಪ್ರಶ್ನೆ ಹೊಳೆಯಲಿಲ್ಲವೆಂದು ಒಪ್ಪಿಕೊಳ್ಳಬೇಕು.

ನಮ್ಮ ಸೀಮೆಯ ರೇಷ್ಮೆಯ ವೃತ್ತಾಂತಕ್ಕೆ ಬರೋಣ. 1786ರಲ್ಲಿ ಟಿಪ್ಪು ಸುಲ್ತಾನನು ಶ್ರೀರಂಗಪಟ್ಟಣದ ಕಿಲ್ಲೇದಾರನಿಗೆ ಬರೆಯಿಸಿದ ಪತ್ರದಲ್ಲಿ, ಬಂಗಾಳಕ್ಕೆ ಹೋಗಿದ್ದ ಬುರ್ಹಾನುದ್ದೀನ್ ಮತ್ತು ಕಸ್ತೂರಿ ರಂಗ ಎಂಬಿಬ್ಬರು ಹುಳುಗಳನ್ನು ತೆಗೆದುಕೊಂಡು ಹಿಂದಿರುಗುತ್ತಿರುವರೆಂದೂ, ಅವಕ್ಕೆ ತಕ್ಕ ಸ್ಥಳವನ್ನೂ ಸೊಪ್ಪನ್ನೂ ಅಣಿಮಾಡಬೇಕೆಂದೂ ಆಜ್ಞೆಯಿದೆ. ತರುವಾಯ ಬೆಂಗಳೂರಿನಲ್ಲಿ ಜಮ್ಷೇಟ್‌ಜಿ ಟಾಟಾರವರು ಸ್ಥಾಪಿಸಿದ ರೇಷ್ಮೆತೋಟ, ಸರ್ಕಾರದ ಇಲಾಖೆ, 1949ರ ಕೇಂದ್ರ ರೇಷ್ಮೆ ಮಂಡಲಿ ಮುಂತಾದುವುಗಳ ಸಂಗತಿ ಗ್ರಂಥಗಳಲ್ಲಿ ದೊರೆಯುವುದು. ಆದರೆ ಹುಳುವಿಗೆ ನಡುರಾತ್ರಿಯಲ್ಲಿ ಸೊಪ್ಪು ಹಾಕಿದವರು ಯಾರು? ಗ್ರಂಥಗಳಲ್ಲಿ ಅವರ ಹೆಸರಿಲ್ಲ. ಆ ಭಾಗವನ್ನು ನಾನು ಕಂಡದ್ದರಿಂದ ಹೇಳಬೇಕಾಗಿದೆ.

ಆ ಕಾಲದಲ್ಲಿ ಪ್ರತ್ಯೇಕವಾದ ಹುಳುಮನೆ ಎಷ್ಟೋ ಒಕ್ಕಲುಗಳಿಗೆ ಇರಲಿಲ್ಲ. ವಾಸದ ಮನೆಯೇ ಹುಳುಮನೆ. ನಡುಮನೆಯಲ್ಲಿ ಬಿದಿರುತಟ್ಟೆಗಳ ಅಟ್ಟಣೆ. ಇರುವೆ ಹತ್ತದಂತೆ ಅದರ ಕಾಲುಗಳ ಕೆಳಗೆ ನೀರಿನ ಬಟ್ಟಲುಗಳು. ಪಕ್ಕದ ತೊಲೆಗೆ ತೊಟ್ಟಿಲು. ಮೊಟ್ಟೆಯೊಡೆದಂದಿನಿಂದ ಗೂಡು ಕಟ್ಟುವವರೆಗೆ ಸುಮಾರು 25 ದಿವಸ. ಅಷ್ಟರಲ್ಲಿ ಹುಳು ನಾಲ್ಕು ಸಲ ಪೊರೆ ಬಿಡುವುದು. ಇದನ್ನು ನಮ್ಮವರು ಜ್ವರವೆನ್ನುವರು. ನಾಲ್ಕನೆಯ ಜ್ವರವೆದ್ದ ಮೇಲಿನ ಒಂದು ವಾರದಲ್ಲಿ ಅದು ತನ್ನ ಆಯುಸ್ಸಿನ ಆಹಾರದ ಐದರಲ್ಲಿ ನಾಲ್ಕು ಪಾಲಿಗೂ ಮಿಗಿಲಾಗಿ ತಿನ್ನುತ್ತದೆ. ಆ ವಾರ ಮನೆಯಲ್ಲಿ ನಿದ್ರೆಯೆಂಬುದಿಲ್ಲ. ಹುಳುವಿಗೆ ಘಾಟು ಆಗದೆಂದು ಒಗ್ಗರಣೆಯೂ ನಿಂತುಹೋಗುತ್ತಿತ್ತು. ನಾವು ಹುಡುಗರು ಸಪ್ಪೆ ಸಾರನ್ನು ಗೊಣಗುತ್ತ ಉಣ್ಣುತ್ತಿದ್ದೆವು.

ನನಗೆ ಆರೇಳು ವರ್ಷವಾಗಿದ್ದಾಗ ನನ್ನ ತಮ್ಮನು ಜನಿಸಿದನು. ಹುಳು ಆಗ ಎರಡನೆಯ ಜ್ವರಕ್ಕೆ ಕುಳಿತಿತ್ತು. ಪುರುಡಿನವರಾಗಲಿ ಮುಟ್ಟಾದವರಾಗಲಿ ಹುಳುವಿನ ಹತ್ತಿರ ಸುಳಿಯಬಾರದೆಂಬುದು ರೂಢಿ. ಅಜ್ಜಿಯು ಹತ್ತು ದಿವಸ ಒಬ್ಬಳೇ ಹೆಣಗಿದಳು. ಹಿಕ್ಕೆ ತೆಗೆಯುವುದು ತಡವಾಗಿ ಕೆಲವು ತಟ್ಟೆಗಳು ಕೆಟ್ಟುಹೋದುವು. ಹನ್ನೊಂದನೆಯ ದಿನ ನೀರು ಹಾಕಿಸಿಕೊಂಡ ತಾಯಿಯು ತಲೆಗೂದಲು ಆರುವುದಕ್ಕೆ ಮುಂಚೆಯೇ ತಟ್ಟೆಗಳ ಬಳಿಗೆ ಹೋದಳು. ರೂಢಿಯು ಬಾಣಂತಿಗೆ ದಯಪಾಲಿಸಿದ ವಿಶ್ರಾಂತಿ ಅಷ್ಟೇ. ಅದೂ ಅವಳ ಸಲುವಾಗಿ ಅಲ್ಲ, ಹುಳುವಿನ ಸಲುವಾಗಿ. ರಾತ್ರಿ ಲಾಂದ್ರದ ಬೆಳಕಿನಲ್ಲಿ ಒಂದು ಸರದಿ ಸೊಪ್ಪು ಹಾಕಿ, ಕೈ ತೊಳೆದು, ಮಗುವಿಗೆ ಹಾಲೂಡಿಸಿ, ಮತ್ತೆ ಸೊಪ್ಪಿಗೆ ಏಳುವಳು. ತೊಟ್ಟಿಲ ಹಗ್ಗವು ನನ್ನ ಕೈಯಲ್ಲಿ. ನಾನು ತೂಕಡಿಸಿದರೆ ಅದೂ ನಿಲ್ಲುವುದು. ಹಣ್ಣಾದ ಹುಳುಗಳನ್ನು ಚಂದ್ರಿಕೆಗೆ ಬಿಟ್ಟ ರಾತ್ರಿ ಅವಳು ಚಂದ್ರಿಕೆಗೆ ಒರಗಿಕೊಂಡೇ ನಿದ್ರೆ ಹೋದದ್ದನ್ನು ಕಂಡಿದ್ದೇನೆ. ಗೂಡು ಮಾರಿದ ಚೀಟಿಯು ತಂದೆಯವರ ಹೆಸರಿನಲ್ಲಿ ಬಂದಿತು. ಆ ಹಣದಿಂದಲೇ ನನ್ನ ವಿದ್ಯಾಭ್ಯಾಸ ನಡೆಯಿತೆಂಬುದನ್ನು ತಂದೆಯವರು ಮರೆಮಾಚಿದವರಲ್ಲ. ಆದರೆ ಚೀಟಿಯು ಚೀಟಿಯೇ.

1980ರಲ್ಲಿ ಊಜಿ ನೊಣವು ಬಂಗಾಳದ ಕಡೆಯ ಗೂಡುಗಳೊಡನೆ ಕರ್ನಾಟಕಕ್ಕೆ ಬಂದು, ನಮ್ಮ ಹೊಸಕೋಟೆ ತಾಲ್ಲೂಕಿನಲ್ಲಿಯೇ ಮೊದಲು ಕಾಣಿಸಿಕೊಂಡಿತು. ಹುಳುವಿನ ಮೈಮೇಲೆ ನೊಣವು ಮೊಟ್ಟೆಯಿಡುವುದು. ಮರಿಯು ಒಳಹೊಕ್ಕು ಹುಳುವನ್ನು ತಿಂದು, ಗೂಡು ಕಟ್ಟಿದ್ದರೆ ಅದನ್ನೂ ತೂತುಮಾಡಿ ಹೊರಬೀಳುವುದು. ಕಿಟಕಿ ಬಾಗಿಲುಗಳಿಗೆ ಬಲೆ ಬಿಗಿಯುವುದೇ ಮುಖ್ಯವಾದ ಉಪಾಯ. ಆಗ ನಮ್ಮ ಅತ್ತಿಗೆಯವರ ಮಗಳು ಅಂಬೆಗಾಲಿಡುತ್ತಿದ್ದಳು. ತಾಯಿಯು ಬಲೆಯ ಒಳಗೆ, ಮಗು ಹೊರಗೆ. ಬಾಗಿಲು ತೆರೆದಷ್ಟು ಸಲವೂ ನೊಣಕ್ಕೆ ದಾರಿ; ತೆರೆಯದಿದ್ದರೆ ಮಗುವಿನ ಅಳು. ಅತ್ತಿಗೆಯವರು ಒಳಗಿನಿಂದಲೇ ಮಾತನಾಡಿಸುತ್ತ ಸೊಪ್ಪು ಮುಗಿಸುವರು. ಮಗುವು ಬಲೆಯನ್ನು ಹಿಡಿದು ಎದ್ದು ನಿಲ್ಲುವುದನ್ನು ಅಲ್ಲಿಯೇ ಕಲಿಯಿತು.

ಈಗ ಚಾಕಿ ಕೇಂದ್ರಗಳಿಂದ ಬೆಳೆದ ಮರಿಗಳು ದೊರೆಯುತ್ತವೆ. ರೆಂಬೆಯನ್ನೇ ಹಾಸಿ ಮೇಯಿಸುವ ಪದ್ಧತಿಯಿಂದ ಶ್ರಮವೂ ಕಡಿಮೆಯಾಗಿದೆ.

ಇನ್ನೊಂದು ಸಂಗತಿಯನ್ನು ಹೇಳದೆ ಇರಲಾರೆ. 1971ರ ಜನಗಣತಿಯಲ್ಲಿ ಪ್ರತಿಯೊಬ್ಬರ ಮುಖ್ಯವಾದ ಚಟುವಟಿಕೆಯೇನೆಂದು ಕೇಳಿದುದರಿಂದ, ಅಸಂಖ್ಯ ಸ್ತ್ರೀಯರು ಮನೆಗೆಲಸದವರೆಂದು ದಾಖಲಾಗಿ ದುಡಿಯುವವರ ಲೆಕ್ಕದಿಂದ ಹೊರಗುಳಿದರು. ಈ ದೋಷವನ್ನು ಕಂಡು, 1991ರ ಗಣತಿಯಲ್ಲಿ ಕುಟುಂಬದ ಹೊಲದಲ್ಲಾಗಲಿ ಉದ್ಯಮದಲ್ಲಾಗಲಿ ಸಂಬಳವಿಲ್ಲದೆ ಮಾಡುವ ದುಡಿಮೆಯನ್ನೂ ಸೇರಿಸಬೇಕೆಂದು ಪ್ರಶ್ನೆಯಲ್ಲಿಯೇ ಸ್ಪಷ್ಟಪಡಿಸಲಾಯಿತು. ಆ ವರ್ಷ ಉಪಾಧ್ಯಾಯನಾಗಿದ್ದ ನಾನೂ ಗಣತಿದಾರನಾಗಿ ಮನೆಮನೆಗೆ ಹೋದೆನು. ಒಂದು ಮನೆಯ ಜಗಲಿಯಲ್ಲಿ ಯಜಮಾನರನ್ನು, “ನಿಮ್ಮ ಮನೆಯವರು ಏನು ಕೆಲಸ ಮಾಡುತ್ತಾರೆ?” ಎಂದು ಕೇಳಿದೆನು. “ಏನೂ ಇಲ್ಲ ಮೇಷ್ಟ್ರೆ, ಮನೆಯಲ್ಲೇ ಇರ್ತಾಳೆ” ಎಂದರು. ಅವರ ಹಿಂದಿನ ಬಲೆಯ ಬಾಗಿಲಿನಾಚೆ ಆಕೆಯು ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ತಟ್ಟೆಗೆ ಸೊಪ್ಪು ಹರಡುತ್ತಿದ್ದುದು ನನಗೆ ಚೆನ್ನಾಗಿ ಕಾಣಿಸುತ್ತಿತ್ತು. ಸೂಚನೆಯ ಪುಸ್ತಕವು ನನ್ನ ಚೀಲದಲ್ಲಿಯೇ ಇತ್ತು. ಹೊತ್ತಾಗಿತ್ತು, ಇನ್ನೂ ಹಲವು ಮನೆಗಳಿದ್ದುವು. ನಾನು ಮನೆಗೆಲಸವೆಂದು ಬರೆದುಕೊಂಡು ಮುಂದಿನ ಮನೆಗೆ ಹೊರಟೆನು.